ಸೋಲಾ ಖಂಬ ಮಸೀದಿ: ಕಂಬ ಎಣಿಸಿದ್ರೆ 16 ಯಾಕೆ ಬರಲ್ಲ?

ಬೀದರ್: ಕೋಟೆ ನೋಡಲು ಬಂದವರು ಸೋಲಾ ಖಂಬ ಮಸೀದಿ ಹತ್ತಿರ ಹೋದ ಕೂಡಲೇ ಮಾಡುವ ಮೊದಲ ಕೆಲಸ ಕಂಬ ಎಣಿಸುವುದು. ಸೋಲಾ ಅಂದ್ರೆ ಹದಿನಾರು, ಖಂಬ ಅಂದ್ರೆ ಕಂಬ. ಹೆಸರಲ್ಲೇ ಲೆಕ್ಕ ಇದೆ. ಆದರೆ ಎಣಿಸುತ್ತಾ ಹೋದ್ರೆ 16 ದಾಟುತ್ತೆ, 20 ದಾಟುತ್ತೆ, ಆಮೇಲೆ ಎಣಿಸುವವರಿಗೇ ಲೆಕ್ಕ ತಪ್ಪುತ್ತೆ. ಸುಮಾರು 90 ಮೀಟರ್ ಉದ್ದ, 24 ಮೀಟರ್ ಅಗಲದ ಹಾಲ್ ಅದು. ಅದರ ತುಂಬ ಸಾಲು ಸಾಲು ದಪ್ಪ ಗುಂಡು ಕಂಬಗಳು. ಹಾಗಾದ್ರೆ ಹದಿನಾರು ಎಲ್ಲಿಂದ ಬಂತು?

ಇದು ಮಕ್ಕಳ ಪ್ರಶ್ನೆ ಅನಿಸಬಹುದು. ಆದರೆ ಇದಕ್ಕೆ ಉತ್ತರ ಹುಡುಕಿದ್ರೆ ಆ ಕಟ್ಟಡ ಕಾಲಕಾಲಕ್ಕೆ ಹೇಗೆ ಬದಲಾಯ್ತು ಅನ್ನೋದು ಗೊತ್ತಾಗುತ್ತೆ. ಬೀದರ್ ಊರಿನ ವಯಸ್ಸಿನ ಬಗ್ಗೆ ನಾವು ಕೇಳಿಕೊಂಡು ಬಂದ ಕಥೆಯನ್ನೂ ಸ್ವಲ್ಪ ತಿದ್ದಬೇಕಾಗುತ್ತೆ.

ಹೆಸರು ಬಂದದ್ದು ಗೋಡೆಯಿಂದ

ಹೈದರಾಬಾದ್ ಸಂಸ್ಥಾನದಲ್ಲಿ 1914ರಲ್ಲಿ ಪುರಾತತ್ವ ಇಲಾಖೆ ಶುರುವಾಯ್ತು. ಅದರ ಮುಖ್ಯಸ್ಥರಾಗಿ ಬಂದವರು ಗುಲಾಂ ಯಜ್ದಾನಿ. ಬೀದರ್ ಆಗ ನಿಜಾಮರ ಆಡಳಿತದಲ್ಲಿತ್ತು. ಕೋಟೆಯೊಳಗಿನ ಎಷ್ಟೋ ಕಟ್ಟಡಗಳು ಮಣ್ಣು, ಕಸ, ಗಿಡಗಂಟಿ ತುಂಬಿ ನಿಂತಿದ್ದವು. ಇವತ್ತು ನಾವು ನೋಡುವ ರಂಗೀನ್ ಮಹಲ್, ತಖ್ತ್ ಮಹಲ್, ಲಾಲ್ ಬಾಗ್ ಎಲ್ಲವೂ ಆ ಕಾಲದ ಸ್ವಚ್ಛತೆ, ದುರಸ್ತಿಯ ನಂತರ ಕಣ್ಣಿಗೆ ಬಿದ್ದ ರೂಪದಲ್ಲಿವೆ. ಯಜ್ದಾನಿ ಅವರು ಬೀದರ್‌ನ ಸ್ಮಾರಕಗಳ ಬಗ್ಗೆ ಬರೆದ ದೊಡ್ಡ ಇಂಗ್ಲಿಷ್ ಪುಸ್ತಕ 1947ರಲ್ಲಿ ಹೊರಬಂತು. ಇಂದಿಗೂ ಬೀದರ್ ಬಗ್ಗೆ ಬರೆಯುವವರು ಮೊದಲು ತೆಗೆಯುವ ಪುಸ್ತಕ ಅದೇ.

ಅವರು ಕೊಡುವ ವಿವರಣೆ ಸರಳವಾಗಿದೆ. ದುರಸ್ತಿಗೆ ಮೊದಲು ಪ್ರಾರ್ಥನಾ ಹಾಲ್‌ನೊಳಗೆ ಅಡ್ಡ ಗೋಡೆಗಳಿದ್ದವು. ಅವು ಹಾಲ್‌ನ ನಡುಭಾಗವನ್ನು ಉಳಿದ ಭಾಗದಿಂದ ಬೇರೆ ಮಾಡಿದ್ದವು. ಒಳಗೆ ಕಾಲಿಟ್ಟವರ ಕಣ್ಣಿಗೆ ಬೀಳುತ್ತಿದ್ದದ್ದು ನಡುಭಾಗದ ಹದಿನಾರು ಕಂಬ ಮಾತ್ರ. ಜನ ನೋಡಿದ್ದನ್ನೇ ಎಣಿಸಿದರು, ಎಣಿಸಿದ್ದನ್ನೇ ಹೆಸರಿಟ್ಟರು. ಸಂರಕ್ಷಣೆ ವೇಳೆ ಗೋಡೆ ಹೋಯ್ತು, ಹಾಲ್ ಮತ್ತೆ ಪೂರ್ತಿ ತೆರೆದುಕೊಂಡಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಅಂದರೆ ಸೋಲಾ ಖಂಬ ಅನ್ನೋ ಹೆಸರು ಮಸೀದಿ ಕಟ್ಟಿದವರು ಇಟ್ಟದ್ದಲ್ಲ. ನಂತರದ ಯಾವುದೋ ಕಾಲದಲ್ಲಿ ಹಾಲ್ ಹೇಗೆ ಕಾಣುತ್ತಿತ್ತು ಅನ್ನೋದರ ನೆನಪು ಅದು. ಗೋಡೆ ಈಗ ಇಲ್ಲ, ಅದು ಇತ್ತು ಅನ್ನೋದಕ್ಕೆ ಜನರ ಬಾಯಲ್ಲಿರುವ ಈ ಪದವೇ ಸಾಕ್ಷಿ. ಇದಕ್ಕೇ ಜನಾನಾ ಮಸೀದಿ ಅಂತ ಇನ್ನೊಂದು ಹೆಸರೂ ಇದೆ. ಅಂತಃಪುರದ ಆವರಣ ಪಕ್ಕದಲ್ಲೇ ಇದ್ದದ್ದರಿಂದ ಆ ಹೆಸರು ಬಂತು. ಒಂದೇ ಕಟ್ಟಡಕ್ಕೆ ಎರಡು ಅಡ್ಡಹೆಸರು, ಎರಡೂ ಕಟ್ಟಿದ ನಂತರ ಅಂಟಿಕೊಂಡವು.

ಕಸದ ರಾಶಿಯಿಂದ ಎದ್ದ ತಾರೀಕು

ಸ್ವಚ್ಛ ಮಾಡುವಾಗ ಸಿಕ್ಕಿದ್ದರಲ್ಲಿ ದೊಡ್ಡದು ಒಂದು ಶಾಸನ. ಅದರಲ್ಲಿ ಹಿಜ್ರಿ 827 ಅಂತ ವರ್ಷ ಇದೆ. ರಾಜಕುಮಾರ ಮುಹಮ್ಮದ್ ಬೀದರ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಕುಬ್ಲಿ ಸುಲ್ತಾನಿ ಎಂಬುವರು ಈ ಮಸೀದಿ ಕಟ್ಟಿಸಿದರು ಎಂದಿದೆ.

ಹಿಜ್ರಿ 827 ಅಂದ್ರೆ ನಮ್ಮ ಲೆಕ್ಕದಲ್ಲಿ 1423-24. ಎರಡು ವರ್ಷ ಬರೆಯೋದು ಯಾಕೆ ಅಂತ ಹಲವರು ಕೇಳುತ್ತಾರೆ. ಹಿಜ್ರಿ ವರ್ಷ ಚಂದ್ರನ ಲೆಕ್ಕದ್ದು, ಸುಮಾರು 354 ದಿನ. ಅದು ಜನವರಿಯಿಂದ ಡಿಸೆಂಬರ್‌ಗೆ ಸರಿಯಾಗಿ ಕೂರುವುದಿಲ್ಲ. 827 ಶುರುವಾದದ್ದು 1423ರ ಡಿಸೆಂಬರ್‌ನಲ್ಲಿ, ಮುಗಿದದ್ದು 1424ರ ನವೆಂಬರ್‌ನಲ್ಲಿ. ಶಾಸನದಲ್ಲಿ ತಿಂಗಳು ಸಿಗದಿದ್ದರೆ ಎರಡೂ ವರ್ಷ ಬರೆಯಬೇಕಾಗುತ್ತೆ. ಕೋಟೆಯ ಬೋರ್ಡ್‌ಗಳಲ್ಲೂ ಪುಸ್ತಕಗಳಲ್ಲೂ 1423, 1424, 1423-24 ಅಂತ ಬೇರೆ ಬೇರೆ ಕಂಡರೆ ಗೊಂದಲ ಬೇಡ, ಮೂರೂ ಒಂದೇ ಶಾಸನದ್ದು.

ಈಗ ಈ ತಾರೀಕನ್ನು ಬೀದರ್ ಇತಿಹಾಸದ ಪಕ್ಕದಲ್ಲಿ ಇಟ್ಟು ನೋಡಿ. ಬಹಮನಿ ಸುಲ್ತಾನ ಅಹಮದ್ ಶಾ ಪಟ್ಟಕ್ಕೆ ಬಂದದ್ದು 1422ರಲ್ಲಿ, ಕಲಬುರಗಿಯಲ್ಲಿ. ರಾಜಧಾನಿ ಬೀದರ್‌ಗೆ ಬಂದ ವರ್ಷದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ, 1424ರಿಂದ 1430ರ ನಡುವೆ ಯಾವುದೋ ಒಂದನ್ನು ಹೇಳುತ್ತಾರೆ. ಕೋಟೆ ಕೆಲಸ ಮುಗಿದದ್ದು 1432ರ ಹೊತ್ತಿಗೆ. ಹಾಗಿದ್ದರೆ ಇಷ್ಟು ದೊಡ್ಡ ಮಸೀದಿಯ ಕೆಲಸ ರಾಜಧಾನಿ ಬರುವುದಕ್ಕಿಂತ ಮೊದಲೇ ನಡೆದಿತ್ತು.

ನಮ್ಮಲ್ಲಿ ಹೇಳುವ ಕಥೆ ಬೇರೆ. ಸುಲ್ತಾನ ಬೇಟೆಗೆ ಬಂದಾಗ ಸಣ್ಣ ಪ್ರಾಣಿಯೊಂದು ಬೇಟೆ ನಾಯಿಗಳ ಮೇಲೆಯೇ ತಿರುಗಿ ಬಿತ್ತಂತೆ, ಈ ಮಣ್ಣಿನಲ್ಲಿ ಗಂಡುತನ ಇದೆ ಅಂತ ಅಲ್ಲೇ ರಾಜಧಾನಿ ಕಟ್ಟಿದನಂತೆ. ಕಥೆ ಚೆನ್ನಾಗಿದೆ. ಆದರೆ ಇದೇ ಕಥೆಯನ್ನು ಹಂಪಿಯವರೂ ಹೇಳುತ್ತಾರೆ, ಇನ್ನೂ ಎಷ್ಟೋ ಊರಿನವರು ಹೇಳುತ್ತಾರೆ. ಶಾಸನದ ಕಲ್ಲು ಹೇಳೋದು ಅಷ್ಟು ರೋಚಕವಾಗಿಲ್ಲ, ಆದರೆ ಹೆಚ್ಚು ನಂಬಬಹುದು: ಅಹಮದ್ ಶಾ ಬರುವಾಗ ಇಲ್ಲಿ ಬರಿ ಕಾಡು ಇರಲಿಲ್ಲ. ರಾಜಕುಮಾರನೊಬ್ಬ ಕೂತು ಆಡಳಿತ ನಡೆಸುವಷ್ಟು, ಸಾವಿರಾರು ಜನ ಸೇರಿ ನಮಾಜ್ ಮಾಡುವ ಹಾಲ್ ಬೇಕಾಗುವಷ್ಟು ದೊಡ್ಡ ಊರಿತ್ತು. 1322ರಲ್ಲೇ ದೆಹಲಿಯ ಉಲುಘ್ ಖಾನ್, ಮುಂದೆ ಮುಹಮ್ಮದ್ ಬಿನ್ ತುಘಲಕ್ ಆದವನು, ಬೀದರ್ ಮೇಲೆ ದಂಡೆತ್ತಿ ಬಂದಿದ್ದ. ಬೆಲೆ ಇಲ್ಲದ ಊರಿನ ಮೇಲೆ ಯಾರೂ ದಂಡೆತ್ತಿ ಬರಲ್ಲ.

ಅಲಂಕಾರ ಇಲ್ಲದ ದಪ್ಪ ಕಂಬ

ಕಟ್ಟಡದ ಶೈಲಿಯೂ ಈ ತಾರೀಕಿಗೆ ಒಪ್ಪುತ್ತೆ. ಕಂಬಗಳು ಗುಂಡಗೆ, ಮೋಟಾಗಿ, ಹೆಚ್ಚು ಕೆತ್ತನೆ ಇಲ್ಲದೆ ನಿಂತಿವೆ. ಅವುಗಳ ಮೇಲೆ ಅಗಲವಾದ ಕಮಾನುಗಳು. ಭಾರ ಹೊರುವುದಷ್ಟೇ ಉದ್ದೇಶ ಅನ್ನೋ ಹಾಗೆ ಕಟ್ಟಿದ್ದಾರೆ. ಮಿಹ್ರಾಬ್, ಅಂದರೆ ಪಶ್ಚಿಮ ಗೋಡೆಯಲ್ಲಿ ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡು, ಅದರ ಮುಂದಿನ ಜಾಗದ ಮೇಲೆ ಮಾತ್ರ ಛಾವಣಿ ಮೇಲಕ್ಕೆ ಏಳುತ್ತೆ. ಅಲ್ಲಿ ಎತ್ತರದ ಕೊರಳು, ಕೊರಳಿನಲ್ಲಿ ಬೆಳಕಿನ ಕಿಂಡಿಗಳು, ಅದರ ಮೇಲೆ ದೊಡ್ಡ ಗುಮ್ಮಟ. ಕೆಳಗೆ ನಿಂತವರಿಗೆ ಬೆಳಕು ಮೇಲಿನಿಂದ ಇಳಿದು ಬರುತ್ತೆ. ಹಾಲ್‌ನ ಉಳಿದ ಭಾಗ ನೆರಳಲ್ಲಿ ಇದ್ದದ್ದರಿಂದ ಈ ಬೆಳಕು ಇನ್ನೂ ಎದ್ದು ಕಾಣುತ್ತೆ. ಎಷ್ಟೇ ಬಿಸಿಲಿದ್ದರೂ ಒಳಗೆ ತಂಪು. ಎದುರಿಗೆ ಲಾಲ್ ಬಾಗ್, ದಕ್ಷಿಣ ಗೋಡೆಯ ಹಿಂದೆ ದೊಡ್ಡ ಬಾವಿ.

ಇದನ್ನು ನೋಡಿಕೊಂಡು ಕೋಟೆಯಿಂದ ಹೊರಬಂದು, ಊರೊಳಗಿನ ಮಹಮೂದ್ ಗವಾನ್ ಮದರಸಾ ಮುಂದೆ ನಿಂತರೆ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಮದರಸಾ ಕಟ್ಟಿದ್ದು 1472ರಲ್ಲಿ. ನಡುವೆ ಇರುವುದು ಬರಿ ಐವತ್ತು ವರ್ಷ. ಅಷ್ಟರಲ್ಲಿ ಬೀದರ್‌ಗೆ ಇರಾನ್, ಮಧ್ಯ ಏಷ್ಯಾ ಕಡೆಯಿಂದ ವ್ಯಾಪಾರಿಗಳು, ವಿದ್ವಾಂಸರು, ಕುಶಲಕರ್ಮಿಗಳು ಬಂದು ನೆಲೆಸಿದ್ದರು. ಗವಾನ್ ಸ್ವತಃ ಇರಾನ್‌ನ ಗೀಲಾನ್‌ನವನು. ಅದೇ ಸುಮಾರಿಗೆ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಕೂಡ ಬೀದರ್‌ಗೆ ಬಂದು, ಇಲ್ಲಿನ ಸಂತೆ, ದರಬಾರು ಎಲ್ಲ ಬರೆದಿಟ್ಟು ಹೋಗಿದ್ದಾನೆ. ಹಾಗಾಗಿ ಮದರಸಾದ ಗೋಡೆ ಮೇಲೆ ಬಣ್ಣಬಣ್ಣದ ಹೊಳೆಯುವ ಟೈಲ್ಸ್, ದೊಡ್ಡ ಅಕ್ಷರದ ಬರಹದ ಪಟ್ಟಿ, ಸುಮಾರು 130 ಅಡಿ ಎತ್ತರದ ಮಿನಾರ್ ಬಂದವು. ಸೋಲಾ ಖಂಬದಲ್ಲಿ ಇದ್ಯಾವುದೂ ಇಲ್ಲ. ಒಂದೇ ಊರು, ಒಂದೇ ರಾಜವಂಶ, ಎರಡು ತಲೆಮಾರಿನಲ್ಲಿ ಕಟ್ಟಡದ ಕೈಬರಹವೇ ಬದಲಾಗಿಹೋಯ್ತು.

ಇನ್ನೂ ಮುಂದಕ್ಕೆ, 16ನೇ ಶತಮಾನದಲ್ಲಿ ಬರೀದ್ ಶಾಹಿಗಳ ರಂಗೀನ್ ಮಹಲ್‌ಗೆ ಬಂದರೆ ಮರದ ಕೆತ್ತನೆ, ಕಪ್ಪು ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪು. ಬಿದ್ರಿ ಅಂಗಡಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಕಪ್ಪಿನೊಳಗೆ ಬಿಳಿ ಹೊಳಪು ಕೂರಿಸುವ ಅದೇ ಕಣ್ಣು ಎರಡೂ ಕಡೆ ಕೆಲಸ ಮಾಡಿದೆ. ಕೋಟೆಯ ಬಾಗಿಲುಗಳೂ ಒಂದೇ ಸಲ ಎದ್ದವಲ್ಲ. ಎರಡು ಹುಲಿಗಳ ಕೆತ್ತನೆ ಇರುವ ಶರ್ಜಾ ದರ್ವಾಜಾದ ಶಾಸನದ ವರ್ಷ 1503. ಹೀಗಾಗಿ ಬೀದರ್ ಕೋಟೆ ಕಟ್ಟಿದ್ದು ಯಾವಾಗ ಅಂತ ಯಾರಾದರೂ ಒಂದೇ ಇಸವಿ ಕೇಳಿದರೆ, ಯಾವ ಭಾಗ ಅಂತ ತಿರುಗಿ ಕೇಳುವುದೇ ಸರಿ.

ರಾಜ್ಯ ಬದಲಾದಾಗೆಲ್ಲ ಕಟ್ಟಡದ ಕೆಲಸವೂ ಬದಲು

ಸೋಲಾ ಖಂಬ ಕೋಟೆಯೊಳಗಿನ ಜಾಮಿ ಮಸೀದಿ. ಶುಕ್ರವಾರ ಎಲ್ಲರೂ ಸೇರುವ ಜಾಗ. ಅಲ್ಲಿ ಯಾರ ಹೆಸರಿನಲ್ಲಿ ಖುತ್ಬಾ ಓದುತ್ತಾರೋ ಅವರೇ ದೊರೆ. ಇವತ್ತಿನ ಪ್ರಮಾಣವಚನ, ಗೆಜೆಟ್ ಎರಡರ ಕೆಲಸವನ್ನೂ ಆಗ ಖುತ್ಬಾ ಮಾಡುತ್ತಿತ್ತು ಅಂದ್ರೆ ತಪ್ಪಾಗಲ್ಲ. ಬಹಮನಿಗಳು ಹೋಗಿ ಬರೀದ್ ಶಾಹಿಗಳು ಬಂದರು. 1619ರಲ್ಲಿ ಬೀದರ್ ವಿಜಯಪುರದ ಆದಿಲ್ ಶಾಹಿಗಳ ಕೈಗೆ ಹೋಯ್ತು. 1657ರಲ್ಲಿ ಔರಂಗಜೇಬ್ ಮುತ್ತಿಗೆ ಹಾಕಿದಾಗ ಕೋಟೆ ಕಾಯುತ್ತಿದ್ದವನು ಸಿದ್ದಿ ಮರ್ಜಾನ್. ಬುರುಜಿನ ಹತ್ತಿರ ಮದ್ದು ಸ್ಫೋಟಗೊಂಡು ಅವನು ತೀವ್ರ ಗಾಯಗೊಂಡ, ಕೋಟೆ ಬಿತ್ತು. ಗೆದ್ದ ಮೇಲೆ ಔರಂಗಜೇಬ್ ಇದೇ ಮಸೀದಿಯಲ್ಲಿ ತಂದೆ ಶಹಜಹಾನ್ ಹೆಸರಿನಲ್ಲಿ ಖುತ್ಬಾ ಓದಿಸಿದ. ಊರಿಗೆ ಜಫರಾಬಾದ್ ಅಂತ ಹೆಸರಿಟ್ಟರು. ಆ ಹೆಸರು ಕಾಗದದಲ್ಲೇ ಉಳಿಯಿತು. ಜನ ಬೀದರ್ ಅನ್ನೋದು ಬಿಡಲಿಲ್ಲ.

ಮದರಸಾದ ಕಥೆ ಇದಕ್ಕಿಂತ ಕೆಟ್ಟದ್ದು. ಮೊಗಲರ ಕಾಲದಲ್ಲಿ ಪಾಠದ ಜಾಗ ಸೈನಿಕರ ವಸತಿ ಆಯ್ತು, ಕೋಣೆಗಳಲ್ಲಿ ಮದ್ದು ತುಂಬಿಟ್ಟರು. 1695-96ರಲ್ಲಿ ಆ ಮದ್ದು ಸಿಡಿದು ಮುಂಭಾಗದ ಒಂದು ಕಡೆ, ಒಂದು ಮಿನಾರ್ ಸಮೇತ ಹಾರಿಹೋಯ್ತು. ಇವತ್ತು ಮದರಸಾ ಅರ್ಧ ಮಾತ್ರ ಕಾಣೋದು ಅದಕ್ಕೇ. ಕಟ್ಟಡ ಹಾಳಾಗೋದು ಹೆಚ್ಚಾಗಿ ಮಳೆ, ಬಿಸಿಲಿನಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಬೀದರ್‌ನಲ್ಲಿ ಮಾತ್ರ ಗೋದಾಮಿನಂತೆ ಬಳಸಿದ್ದೇ ಹೆಚ್ಚು ಹಾನಿ ಮಾಡಿದೆ.

ಗೋಡೆ ತೆಗೆದದ್ದು ಸರಿಯಾ?

ಮತ್ತೆ ಆ ಅಡ್ಡ ಗೋಡೆಗೆ ಬರೋಣ. ಅದನ್ನು ತೆಗೆದದ್ದರಿಂದ ಲಾಭ ಆಯ್ತು, ಅನುಮಾನ ಇಲ್ಲ. 1423ರಲ್ಲಿ ಹಾಲ್ ಹೇಗಿತ್ತೋ ಹಾಗೆ ಇವತ್ತು ನೋಡಬಹುದು. ಆದರೆ ಗೋಡೆಯೂ ಒಂದು ದಾಖಲೆ. ದೊಡ್ಡ ಹಾಲ್ ಬೇಡವಾಗಿ ಸಣ್ಣ ಜಾಗ ಸಾಕಾದ ಒಂದು ಕಾಲ ಇತ್ತು ಅಂತ ಅದು ಹೇಳುತ್ತಿತ್ತು. ರಾಜಧಾನಿ ಹೋಗಿ, ದರಬಾರು ಹೋಗಿ, ಕೋಟೆಯೊಳಗೆ ಜನ ಕಡಿಮೆಯಾದ ಊರಿನ ಕಥೆ ಅದು. ಇಟ್ಟಿಗೆ ಅಳತೆ, ಗಾರೆಯ ಗುಣ ನೋಡಿ ಗೋಡೆಯ ಕಾಲವನ್ನು ಅಂದಾಜು ಮಾಡಬಹುದು. ಗೋಡೆಯನ್ನೇ ತೆಗೆದ ಮೇಲೆ ಆ ದಾರಿ ಮುಚ್ಚಿತು.

ನೂರು ವರ್ಷದ ಹಿಂದೆ ಪುರಾತತ್ವ ಇಲಾಖೆಗಳು ಎಲ್ಲ ಕಡೆ ಹೀಗೇ ಕೆಲಸ ಮಾಡುತ್ತಿದ್ದವು. ಮೂಲ ರೂಪ ಮುಖ್ಯ, ಆಮೇಲೆ ಸೇರಿದ್ದೆಲ್ಲ ಕಸ ಅನ್ನೋ ನಂಬಿಕೆ. ಯುರೋಪಿನ ಹಳೇ ಚರ್ಚ್‌ಗಳಲ್ಲೂ 19ನೇ ಶತಮಾನದಲ್ಲಿ ಹೀಗೆ ಎಷ್ಟೋ ಪದರಗಳನ್ನು ಕಿತ್ತು ಹಾಕಿದ್ದರು, ಅದನ್ನು ವಿರೋಧಿಸಿ 1877ರಲ್ಲಿ ಲಂಡನ್‌ನಲ್ಲಿ ವಿಲಿಯಂ ಮಾರಿಸ್ ಒಂದು ಸಂಘವನ್ನೇ ಕಟ್ಟಿದರು. ಈಗಿನ ಪದ್ಧತಿ ಬೇರೆ: ಯಾವುದನ್ನೇ ತೆಗೆಯುವ ಮೊದಲು ಅಳತೆ, ನಕ್ಷೆ, ಫೋಟೋ ಆಗಬೇಕು. ಯಜ್ದಾನಿ ಅವರ ಪುಸ್ತಕದಲ್ಲಿ ಗೋಡೆಯ ಸುದ್ದಿ ಒಂದು ಮಾತಿನಲ್ಲಾದರೂ ಉಳಿದದ್ದು ನಮ್ಮ ಪುಣ್ಯ. ಅದಿಲ್ಲದಿದ್ದರೆ ಹದಿನಾರು ಕಂಬದ ಲೆಕ್ಕ ಯಾರಿಗೂ ಬಗೆಹರಿಯುತ್ತಿರಲಿಲ್ಲ.

ಕೆಂಪು ಕಲ್ಲು, ಸುಣ್ಣ, ಸಿಮೆಂಟ್

ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಎತ್ತರದ ಮೇಲೆ. ಈ ಕೆಂಪು ಕಲ್ಲು ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಮೈತುಂಬ ತೂತು ಇರೋದರಿಂದ ನೀರು ಕುಡಿಯುತ್ತೆ, ಮತ್ತೆ ಬಿಡುತ್ತೆ. ಹಳಬರು ಅದರ ಮೇಲೆ ಸುಣ್ಣದ ಗಾರೆ ಬಳಿದದ್ದಕ್ಕೆ ಕಾರಣ ಇದೆ. ಸುಣ್ಣವೂ ಉಸಿರಾಡುತ್ತೆ, ಒಳಗಿನ ತೇವ ಹೊರಗೆ ಹೋಗುತ್ತೆ. ಅದೇ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆದ್ರೆ ತೇವ ಒಳಗೇ ಸಿಕ್ಕಿಬೀಳುತ್ತೆ. ನಾಲ್ಕೈದು ಮಳೆಗಾಲ ಚೆಂದ ಕಾಣುತ್ತೆ, ಆಮೇಲೆ ಉಬ್ಬುತ್ತೆ, ಉಪ್ಪು ಬಿಡುತ್ತೆ, ಕಲ್ಲಿನ ಸಮೇತ ಉದುರುತ್ತೆ. ಹಳೇ ಊರಿನಲ್ಲಿ ಅಜ್ಜನ ಕಾಲದ ಮನೆ, ಅಂಗಡಿ ಇರುವವರು ಇದನ್ನು ತಮ್ಮ ಗೋಡೆಯಲ್ಲೇ ನೋಡಿರುತ್ತಾರೆ. ಸ್ಮಾರಕಕ್ಕೆ ಯಾವ ನಿಯಮವೋ ಹಳೇ ಮನೆಗೂ ಅದೇ: ಸುಣ್ಣದ ಗೋಡೆಗೆ ಸುಣ್ಣದ್ದೇ ಮದ್ದು.

ಭಾಲ್ಕಿ, ಔರಾದ್ ಕಡೆ ಹೋದರೆ ನೆಲ ಕಪ್ಪಾಗುತ್ತೆ, ಕಲ್ಲೂ ಕಪ್ಪು. ಕರಿಕಲ್ಲು ಜಂಬಿಟ್ಟಿಗೆಯಂತೆ ನೀರು ಕುಡಿಯಲ್ಲ. ಆದರೆ ಕಪ್ಪು ಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗೋದರಿಂದ ಅಡಿಪಾಯ ಅಲುಗಾಡುತ್ತೆ. ಅಲ್ಲಿನ ಹಳೇ ವಾಡೆ, ಗುಡಿಗಳಲ್ಲಿ ಬಿರುಕು ಕೆಳಗಿನಿಂದ ಮೇಲಕ್ಕೆ ಏರಿದ್ದರೆ ಮೊದಲು ನೋಡಬೇಕಾದ್ದು ನೀರು ಎಲ್ಲಿ ನಿಲ್ಲುತ್ತೆ ಅನ್ನೋದನ್ನು.

ಅಂಗಡಿಯವರು ತಿಳಿದಿರಬೇಕಾದ ಅಳತೆ

ಕೋಟೆ, ಮದರಸಾ ಎರಡೂ ಕೇಂದ್ರ ಸರ್ಕಾರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕಗಳು. ಹಾಗಾಗಿ ಸುತ್ತಲಿನ ಬಜಾರಿಗೆ 1958ರ ಸ್ಮಾರಕ ಕಾಯ್ದೆ ಅನ್ವಯಿಸುತ್ತೆ. 2010ರ ತಿದ್ದುಪಡಿ ನಂತರ ಲೆಕ್ಕ ಹೀಗಿದೆ. ರಕ್ಷಿತ ಗಡಿಯಿಂದ ಮೊದಲ 100 ಮೀಟರ್ ನಿಷೇಧಿತ ವಲಯ. ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ, ಹಳೇ ಕಟ್ಟಡದ ದುರಸ್ತಿಗೆ ಅನುಮತಿ ಕೇಳಬಹುದು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಅಳತೆ ಶುರುವಾಗೋದು ಕಟ್ಟಡದ ಗೋಡೆಯಿಂದ ಅಂತ ಹಲವರು ತಿಳಿದಿದ್ದಾರೆ. ಅದು ಸ್ಮಾರಕಕ್ಕೆ ಗುರುತಿಸಿದ ರಕ್ಷಿತ ಗಡಿಯಿಂದ ಶುರುವಾಗುತ್ತೆ. ಈ ವ್ಯತ್ಯಾಸದಲ್ಲೇ ಹಲವರ ಶಟರ್, ಮೊದಲ ಮಹಡಿ ಸಿಕ್ಕಿಹಾಕಿಕೊಳ್ಳುತ್ತವೆ. ಸ್ಥಳೀಯ ಆಡಳಿತದ ಲೈಸೆನ್ಸ್ ಒಂದಿದ್ದರೆ ಸಾಲದು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಸಕ್ಷಮ ಅಧಿಕಾರಿ ಕೊಡುವ ಅನುಮತಿಯೂ ಬೇಕು. ತಪ್ಪಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಚೌಬಾರಾದಿಂದ ಗವಾನ್ ಚೌಕ್‌ವರೆಗೆ ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದವರಿಗೆ ಇದು ಬಿಗಿ ಅನಿಸೋದು ಸಹಜ. ಸೋರುವ ಛಾವಣಿ ಕಟ್ಟಲೂ ಕಾಗದ ಹಿಡಿದು ಅಲೆಯಬೇಕು ಅನ್ನೋ ಮಾತಲ್ಲಿ ಸುಳ್ಳಿಲ್ಲ. ಇನ್ನೊಂದು ಕಡೆ, 2014ರಲ್ಲಿ ಬೀದರ್ ಐತಿಹಾಸಿಕ ನಗರ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ ಗಮನಿಸಬೇಕಾದ ತಾಣಗಳ ಪಟ್ಟಿ ಸೇರಿತು. ಅದೇ ವರ್ಷ ದಖನ್ ಸುಲ್ತಾನರ ಸ್ಮಾರಕಗಳ ಜೊತೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಹೋಯ್ತು. ಕೋಟೆಯ ಜೊತೆಗೆ ಗೋಡೆಯೊಳಗಿನ ಹಳೇ ಊರೂ ಇನ್ನೂ ಜೀವಂತ ಇದೆ. ಅಂಗಡಿಗಳೂ ಆ ಊರಿನ ಭಾಗವೇ, ದುರಸ್ತಿ ಅನುಮತಿ ಬೇಗ ಸಿಗುವಂತೆ ಮಾಡುವುದು ಇಲಾಖೆಯ ಹೊಣೆ.

ಕಲ್ಲು ಸಿಕ್ಕರೆ ಏನು ಮಾಡಬೇಕು

ಸೋಲಾ ಖಂಬದ ಶಾಸನ ಸಿಕ್ಕದ್ದು ಕಸ ತೆಗೆಯುವಾಗ. ಅಕ್ಷರ ಇದ್ದ ಆ ಕಲ್ಲನ್ನು ಬಂಡಿಗೆ ಹಾಕಿ ಎಸೆದಿದ್ದರೆ ಊರಿನ ವಯಸ್ಸಿನ ಬಗ್ಗೆ ಇರುವ ಗಟ್ಟಿ ಆಧಾರ ಒಂದು ಹೋಗುತ್ತಿತ್ತು. ಇಂಥ ಕಲ್ಲು ನಗರದಲ್ಲಿ ಮಾತ್ರ ಇರುತ್ತೆ ಅಂತಿಲ್ಲ. ಭಾಲ್ಕಿ ಕೋಟೆಯ ಸುತ್ತ, ಔರಾದ್‌ನ ಅಮರೇಶ್ವರ ಗುಡಿಯಂಥ ಹಳೇ ದೇವಸ್ಥಾನಗಳ ಅಕ್ಕಪಕ್ಕ, ಹಳ್ಳಿಯ ಕಟ್ಟೆ, ಬಾವಿ, ದರ್ಗಾ, ಚರ್ಚ್ ಅಂಗಳದಲ್ಲಿ ಅಕ್ಷರ ಅಥವಾ ಕೆತ್ತನೆ ಇರುವ ಕಲ್ಲು ಸಿಗಬಹುದು. ಭಕ್ತಿಯಿಂದ ಅದಕ್ಕೆ ಆಯಿಲ್ ಪೇಂಟ್ ಬಳಿಯುವುದು, ಗ್ರೈಂಡರ್ ಹಿಡಿದು ಉಜ್ಜುವುದು ನಮ್ಮಲ್ಲಿ ನಡೆಯುತ್ತಲೇ ಇದೆ. ಪೇಂಟ್ ಅಕ್ಷರದ ಗೆರೆ ತುಂಬುತ್ತೆ, ಗ್ರೈಂಡರ್ ಅಕ್ಷರವನ್ನೇ ತಿನ್ನುತ್ತೆ.

ಅಡಿಪಾಯ ತೋಡುವಾಗ ಹಾಗೆ ಏನಾದರೂ ಸಿಕ್ಕರೆ ಇದ್ದಲ್ಲೇ ಬಿಡಿ. ಪಕ್ಕದಲ್ಲಿ ಒಂದು ಸ್ಕೇಲ್ ಅಥವಾ ಪೆನ್ ಇಟ್ಟು, ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಇಲ್ಲವೇ ಸಂಜೆ ಫೋಟೋ ತೆಗೆಯಿರಿ, ನೆತ್ತಿ ಬಿಸಿಲಲ್ಲಿ ಅಕ್ಷರ ಕಾಣಲ್ಲ. ಎಷ್ಟು ಆಳದಲ್ಲಿ, ಯಾವ ಮಗ್ಗುಲಾಗಿ ಸಿಕ್ಕಿತು ಅಂತ ಬರೆದಿಡಿ. ಆಮೇಲೆ ತಹಶೀಲ್ದಾರ್ ಕಚೇರಿ ಅಥವಾ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ. ನಾಣ್ಯ, ಒಡವೆಯಂಥ ನಿಧಿ ಸಿಕ್ಕರೆ ತಿಳಿಸಲೇಬೇಕು ಅಂತ 1962ರ ಕರ್ನಾಟಕದ ನಿಧಿ ಕಾಯ್ದೆ ಇದೆ, ಮುಚ್ಚಿಟ್ಟರೆ ಅಪರಾಧ. ಶಾಸನದ ಕಲ್ಲು ಸಿಕ್ಕರೆ ಅದರ ಫೋಟೋ ಪ್ರತಿಯೊಂದನ್ನು ಬೀದರ್ ಕೋಟೆಯೊಳಗಿನ ಪುರಾತತ್ವ ಮ್ಯೂಸಿಯಂ ಕಚೇರಿಗೂ ಕೊಟ್ಟರೆ ಓದುವವರ ಕೈಗೆ ಬೇಗ ತಲುಪುತ್ತೆ.